ಕಿತ್ತು ನೋಡುವ ನಾದಿನಿ

ನಮ್ಮ ನಾದಿನಿಯನ್ನು ನೀವು ಊಟಕ್ಕೆ ಕರೆಯುವುದಾದರೆ ಧಾರಾಳವಾಗಿ ಕರೆಯಿರಿ. ಉಂಡದ್ದನ್ನು ಬಾಯಿತುಂಬ ಹೊಗಳುತ್ತಾಳೆ, ತನ್ನ ತಟ್ಟೆ ತಾನೇ ತೊಳೆದಿಡುತ್ತಾಳೆ, ಬರಿಗೈಯಲ್ಲಿ ಬರುವವಳೂ ಅಲ್ಲ. ಆದರೆ ಆಕೆ ಹೋದ ಮೇಲೆ ನಿಮ್ಮ ಮಂಚದ ಕಾಲು, ಮಿಕ್ಸರಿನ ಪ್ಲಗ್ಗು, ಪರದೆಯ ಕೊಂಡಿ ಇವೆಲ್ಲ ಇದ್ದಲ್ಲೇ ಇವೆಯೇ ಎಂದು ಒಮ್ಮೆ ಕಣ್ಣಾಡಿಸಿಬಿಡಿ! ಕಳ್ಳಿ ಅಂತಲ್ಲ, ದೇವರಾಣೆ! ಇನ್ನೊಬ್ಬರ ಮನೆಯ ಒಂದು ಸಾಸಿವೆಕಾಳನ್ನೂ ಮುಟ್ಟುವವಳಲ್ಲ. ಆಕೆಗಿರುವುದು ಒಂದೇ ಖಯಾಲಿ. ಚೆನ್ನಾಗಿ ನಡೆಯುತ್ತಿರುವ ಯಾವುದನ್ನು ಕಂಡರೂ ಅದರ ಒಂದು ಭಾಗವನ್ನು ಕಿತ್ತು, ಅದಿಲ್ಲದೆಯೂ ನಡೆಯುತ್ತದೆಯೇ ಎಂದು ನೋಡಬೇಕು.

"ಕೆಟ್ಟಿದ್ದನ್ನ ಯಾರ ಬೇಕಾದವರು ರಿಪೇರಿ ಮಾಡ್ತಾರ್ರಿ ವೈನಿ. ನಡಿಯೂದನ್ನ ಕಿತ್ತು ನೋಡವರು ಬೇಕು" ಎನ್ನುತ್ತಾಳೆ. ವೈನಿ ಎಂದರೆ ನಾನು, ಆಕೆಯ ಅಣ್ಣನ ಹೆಂಡತಿ. ಇಂಥ ಖಯಾಲಿಗೆ ಬೇರೆ ಮನೆಗಳಲ್ಲಿ ವೈದ್ಯರಿಗೆ ತೋರಿಸುತ್ತಾರೆ. ಈಕೆಗೆ ಸಂಬಳ ಕೊಡುತ್ತಾರೆ!

ನಮ್ಮ ಮನೆಯವರದು ರೈಲ್ವೆ ಕೆಲಸ. ಗದಗಿನಿಂದ ವರ್ಗವಾಗಿ ನಾಗಪುರಕ್ಕೆ ಬಂದು ಅಜನಿಯ ಕ್ವಾರ್ಟರ್ಸಿನಲ್ಲಿ ಬೇರು ಬಿಟ್ಟೆವು. ಅವರ ಹಿಂದೆಯೇ ತಂಗಿಯೂ ಬಂದಳು. ಇಲ್ಲಿಯ ಒಂದು ಕಂಪನಿಯಲ್ಲಿ ಆಕೆಗೆ ಕೆಲಸ. ಆಸ್ಪತ್ರೆ, ಗಿರಣಿ, ಕಾಲೇಜು ಇಂಥ ಕಡೆ ಸರ್ವರ್ ಕೂರಿಸಿ ಕೊಡುವ ಕಂಪನಿ ಅದು. ಸರ್ವರ್ ಎಂದರೆ ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನಂಥದಲ್ಲ. ಬೀರುವಿನಷ್ಟು ಎತ್ತರದ ಕಬ್ಬಿಣದ ಚೌಕಟ್ಟು, ಅದರೊಳಗೆ ಅಡ್ಡ ಮಲಗಿಸಿದ ಪೆಟ್ಟಿಗೆ, ಪೆಟ್ಟಿಗೆಯ ಮುಖದಲ್ಲಿ ಸಾಲಾಗಿ ಡಿಸ್ಕುಗಳು. ಮೇಜಿನ ಖಾನೆ ಎಳೆದಂತೆ ಎಳೆದರೆ ಒಂದೊಂದೂ ಹೊರಗೆ ಬರುತ್ತದೆ. ಲೋಕದ ಲೆಕ್ಕ, ಚಿತ್ರ, ಕಾಗದ ಎಲ್ಲವೂ ಅವುಗಳ ಹೊಟ್ಟೆಯಲ್ಲಿ. ಒಂದು ಡಿಸ್ಕು ಸತ್ತರೂ ಮನೆಯಲ್ಲಿ ಸೂತಕವಾಗಬಾರದು, ಉಳಿದವು ಸೇರಿ ಅದರ ಕೆಲಸವನ್ನು ತೂಗಿಸಬೇಕು. ಹಾಗೆ ಅವನ್ನೆಲ್ಲ ಒಂದು ಕುಟುಂಬ ಮಾಡಿ ಕೂರಿಸುವುದಕ್ಕೆ ರೇಡ್ ಎನ್ನುತ್ತಾರಂತೆ. ಕೂರಿಸುವುದು ಆಕೆಯ ಅರ್ಧ ಕೆಲಸ. ಕೂರಿಸಿದ್ದನ್ನು ನಡೆಯುತ್ತಿರುವಾಗಲೇ ಕಿತ್ತು ನೋಡುವುದು ಇನ್ನರ್ಧ.

ಆ ಇನ್ನರ್ಧವನ್ನು ಆಕೆ ಆಫೀಸಿನಲ್ಲಿ ಬಿಟ್ಟು ಬರಬೇಕೋ ಬೇಡವೋ?

ಒಂದು ಭಾನುವಾರ ನಾನು ಕೇಳಿದೆ, "ಅಲ್ಲವಾ, ಸತ್ತ ಡಿಸ್ಕಿನೊಳಗ ಏನಿತ್ತು ಅನ್ನೂದು ಉಳಿದವುಕ್ಕ ಹೆಂಗ ಗೊತ್ತಾಗತೈತಿ?" ಕೇಳಬಾರದಿತ್ತು. ಆಕೆ ಸೀದಾ ಅಡುಗೆಮನೆಗೆ ಹೋಗಿ ನನ್ನನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡಳು. ಒಳಗೆ ಡಬ್ಬಿಗಳ ಸದ್ದು, ಹುರಿಯುವ ವಾಸನೆ. ಕೊನೆಗೆ ಒಂದು ಬಟ್ಟಲು ಸಾರು ತಂದು ನನ್ನ ಮುಂದೆ ಹಿಡಿದಳು.

"ಕುಡೀರಿ. ಒಂದು ಸಾಮಾನು ಹಾಕಿಲ್ಲ. ಯಾವುದು?"

ಒಂದು ಗುಟುಕು ಬಾಯಿಗೆ ಹೋಗುತ್ತಲೇ ಹೇಳಿದೆ, "ಮೆಂತ್ಯ."

"ನೋಡಿದ್ರಿ? ಉಳಿದದ್ದರ ರುಚಿ ನಾಲಿಗಿ ಮ್ಯಾಲೆ ಐತಿ, ಪೂರಾ ಸಾರಿನ ರುಚಿ ನಿಮ್ಮ ತಲಿಯೊಳಗ ಐತಿ. ಎರಡೂ ಕೂಡಿಸಿ ಹೋದದ್ದು ಯಾವುದು ಅಂತ ಹೇಳಿದ್ರಿ. ನಮ್ಮ ಡಿಸ್ಕ್ ಮಾಡೂದೂ ಇಷ್ಟs!"

ನನಗೆ ಎಷ್ಟು ಹಿಗ್ಗಾಯಿತೆಂದರೆ, ಮರುದಿನ ತರಕಾರಿಯವಳ ಹತ್ತಿರವೂ ಸರ್ವರಿನ ವಿದ್ಯೆಯನ್ನು ಹೇಳಿಕೊಂಡು ಬಂದೆ. ಆದರೆ ವಿದ್ಯೆಗೆ ಗುರುದಕ್ಷಿಣೆ ಇರುತ್ತದಲ್ಲ? ಅದಾದ ಮೇಲೆ ವಾರವಿಡೀ ನಮ್ಮ ಸಾರಿನಲ್ಲಿ ದಿನಕ್ಕೊಂದು ಸಾಮಾನು ಮಾಯ! ಒಂದು ದಿನ ಇಂಗು, ಒಂದು ದಿನ ಹುಣಸೆಹಣ್ಣು. ನಮ್ಮ ಮನೆಯವರು ಪಾಪ, ಏನೂ ತಿಳಿಯದೆ ಉಪ್ಪಿಲ್ಲದ್ದನ್ನೂ ಉಂಡು ಎದ್ದರು. ಆಕೆ ಅಣ್ಣನ ಕಡೆ ಮರುಕದಿಂದ ನೋಡಿ, "ಈ ಅಣ್ಣನ್ನ ಯಾವ ಕುಟುಂಬದಾಗೂ ಕೂಡ್ರಿಸಾಕ ಬರಂಗಿಲ್ಲ ವೈನಿ" ಎಂದು ತೀರ್ಪು ಕೊಟ್ಟಳು.

ಕೂಡ್ರಿಸಿಯಾಯಿತಲ್ಲ, ಇಷ್ಟು ವರ್ಷ! ಇನ್ನೇನು ಮಾಡುವುದು?

ಆಕೆಯ ಜೊತೆ ಕಿತ್ತಳೆ ಹಣ್ಣು ಕೊಳ್ಳಲು ಹೋದದ್ದು ಇನ್ನೊಂದು ಕಥೆ. ನಾಗಪುರದಲ್ಲಿ ಹಣ್ಣಿನ ಕಾಲದಲ್ಲಿ ಯಾವ ಗಾಡಿಗೆ ಹೋದರೂ ಒಳ್ಳೆಯ ಹಣ್ಣೇ ಸಿಗುತ್ತದೆ. ಒಂದು ಕಡೆ ನಿಂತು, ಚೀಲ ತುಂಬಿಸಿ, ಆಟೋ ಹತ್ತಿದರೆ ಮುಗಿಯಿತು. ನಾದಿನಿ ಸೀತಾಬರ್ಡಿಯ ಬೀದಿಯಲ್ಲಿ ಒಂದು ಗಾಡಿಯಲ್ಲಿ ಒಂದಿಷ್ಟು, ರಸ್ತೆ ದಾಟಿ ಇನ್ನೊಂದರಲ್ಲಿ ಒಂದಿಷ್ಟು, ಮೂಲೆಯವನ ಹತ್ತಿರ ಮತ್ತೊಂದಿಷ್ಟು ಆರಿಸುತ್ತ ನಡೆದಳು. ಮೊದಲ ಗಾಡಿಯವನಿಗೆ ಅವಮಾನವಾಯಿತು. "ಕಾ ತಾಯಿ, ಮಾಝೀ ಸಂತ್ರೀ ವಾಯೀಟ್ ಆಹೇತ್ ಕಾ?" ಎಂದ. ನನ್ನ ಹಣ್ಣು ಕೆಟ್ಟದ್ದೇ ಎಂದು ಅವನ ಸಂಕಟ.

"ನಿನ್ನ ಹಣ್ಣು ಚಲೋನೇ ಐತಪಾ" ಎಂದು ಆಕೆ ಅವನಿಗೆ ಕನ್ನಡದಲ್ಲೇ ಸಮಾಧಾನ ಹೇಳಿ ನನ್ನ ಕಡೆ ತಿರುಗಿದಳು. "ಒಂದs ಪೆಟ್ಟಿಗಿಯೊಳಗ ಬಂದವು ಒಂದs ಸಲ ಕೆಡತಾವ್ರಿ. ಡಿಸ್ಕೂ ಹಂಗs. ಒಂದs ಪೆಟ್ಟಿಗಿ ಡಿಸ್ಕ್ ಎಲ್ಲಾ ತಂದು ಒಂದ ಕಡೆ ಕೂಡ್ರಿಸಿದ್ರ, ಒಂದು ಕಣ್ಣು ಮುಚ್ಚಿದ್ದs ತಡ ಅಕ್ಕತಂಗ್ಯಾರೆಲ್ಲಾ ಹೊಂಟ ಬಿಡ್ತಾವ."

ಅಂದಿನಿಂದ ನಮ್ಮ ಮನೆಯ ಬಲ್ಬುಗಳು ಬೇರೆ ಬೇರೆ ಅಂಗಡಿಯವು, ಬಾಳೆಹಣ್ಣು ಬೇರೆ ಬೇರೆ ಗೊನೆಯವು. ಚಪ್ಪಲಿ ಜೊತೆಯಲ್ಲಿಯೂ ಎಡಗಾಲಿನದನ್ನು ಒಂದು ಅಂಗಡಿಯಲ್ಲಿ, ಬಲಗಾಲಿನದನ್ನು ಇನ್ನೊಂದರಲ್ಲಿ ಕೊಳ್ಳಲು ಬರುತ್ತದೆಯೇ ಎಂದು ಆಕೆ ವಿಚಾರಿಸಿದ್ದಳೆಂದು ನಮ್ಮ ಮನೆಯವರು ಹೇಳುತ್ತಾರೆ. ನಾನು ಕಂಡಿಲ್ಲ. ಆದರೆ ನಂಬುತ್ತೇನೆ.

ಮದುವೆ? ಕೇಳಿಯೇ ಕೇಳುತ್ತೀರಿ ಎಂದು ಗೊತ್ತಿತ್ತು.

ಗದಗಿನಲ್ಲಿ ಒಂದು ಸಂಜೆ ಆಕೆಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗ ಲಕ್ಷಣವಾಗಿದ್ದ, ತೂಕವಾಗಿ ಮಾತಾಡುತ್ತಿದ್ದ. ನಾನು ತಟ್ಟೆಗಳಿಗೆ ಅವಲಕ್ಕಿ ಹಾಕಿ ಕೊಡುತ್ತಿದ್ದೆ. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಅದೇ ತಪ್ಪಾಯಿತು! ಸುಸೂತ್ರವಾಗಿ ನಡೆಯುವುದನ್ನು ಕಂಡರೆ ಆಕೆಗೆ ತಡೆಯುವುದಿಲ್ಲವಲ್ಲ. ಇದ್ದಕ್ಕಿದ್ದಂತೆ ಮನೆಯೆಲ್ಲ ಕತ್ತಲು. ಕತ್ತಲಲ್ಲಿ ಹುಡುಗನ ತಾಯಿಯ ಕೈ ತಾಗಿ ನೀರಿನ ಲೋಟ ಉರುಳಿತು. "ಕಣ್ಣು ಕಾಣೂದಿಲ್ಲೇನು ನಿನಗ? ಎಲ್ಲಿ ಹೋದ್ರೂ ಇದs ಹಾಡು!" ಎಂದು ಆ ತೂಕದ ಹುಡುಗ ಹಡೆದವ್ವನ ಮೇಲೆ ಹರಿಹಾಯ್ದದ್ದನ್ನು ಎಲ್ಲರೂ ಕೇಳಿದೆವು. ಯಾರೋ ಮೇಣಬತ್ತಿ ಹಚ್ಚಿದರು. ಬಾಗಿಲ ಹತ್ತಿರ ನಾದಿನಿ ನಿಂತಿದ್ದಳು, ಕೈಯಲ್ಲಿ ಫ್ಯೂಸು.

"ನಾ ಒಲ್ಲೆ" ಎಂದಳು.

"ಯಾಕವಾ?" ಎಂದು ಮಾವನವರು ಕೇಳಿದರೆ, "ಲೈಟ್ ಇದ್ದಾಗ ಎಲ್ಲಾರೂ ಚಲೋನೇ ಇರ್ತಾರ. ಹೋದಾಗ ಹೆಂಗಿರ್ತಾರ ಅನ್ನೂದು ನೋಡಬೇಕಲ್ಲ?" ಎಂದಳು. ಆ ಮೇಲೆ ಬಂದವರನ್ನೂ ಹೀಗೆಯೇ ನೋಡಿದಳು. ಕೊನೆಗೆ ನೋಡಲು ಬರುವವರೇ ಟಾರ್ಚು ಹಿಡಿದು ಬರುತ್ತಾರೆಂದು ನಮ್ಮ ಓಣಿಯಲ್ಲಿ ನಗೆಯಾಯಿತು. ಆಕೆಗೇನೂ ಬೇಜಾರಿರಲಿಲ್ಲ. ನಮ್ಮ ಮನೆಯ ಹಿಂದಿನ ಕೋಣೆ ಆಕೆಯದಾಯಿತು. ಆ ಕೋಣೆಯ ಫ್ಯಾನು ಮಾತ್ರ ಅಂದಿನಿಂದಲೂ ಎರಡೇ ರೆಕ್ಕೆಯಲ್ಲಿ ತಿರುಗುತ್ತಿದೆ.

ಇಷ್ಟೆಲ್ಲ ಪರೀಕ್ಷೆ ಮಾಡುವವಳು ಜೀವಮಾನದಲ್ಲಿ ಒಮ್ಮೆ ಮಾತ್ರ ಪರೀಕ್ಷೆ ಮಾಡದೆ ನಂಬಿದಳು. ನಂಬಿದ್ದೂ ಯಾರನ್ನು? ಸಾಕ್ಷಾತ್ ಗಣಪತಿಯನ್ನು! ಆಕೆಗೆ ಪೆಟ್ಟು ಬಿದ್ದದ್ದು ಅಲ್ಲಿಯೇ.

ಉಮರೇಡ್ ರಸ್ತೆಯ ಕಡೆ ಒಂದು ಬೇಳೆ ಗಿರಣಿ. ಅಲ್ಲಿಯ ಸರ್ವರನ್ನು ವರ್ಷಕ್ಕೊಮ್ಮೆ ನೋಡಿ ಬರುವ ಕೆಲಸ ನಾದಿನಿಯದು. ಅದರಲ್ಲಿ ಒಂದು ಡಿಸ್ಕು ಹೋದರೆ ನಡೆಯುತ್ತದೆ, ಎರಡು ಹೋದರೆ ಇಲ್ಲ. ಡಿಸ್ಕು ಹೋದಾಗ ಪಕ್ಕದಲ್ಲಿ ಒಂದು ಕೆಂಪನೆಯ ಪುಟ್ಟ ದೀಪ ಹತ್ತಿ, ಬೀಪ್ ಬೀಪ್ ಎಂದು ಕೂಗುತ್ತದೆ. ಅಲ್ಲಿ ಎಂದೋ ಒಂದು ಹೋಗಿತ್ತು. ಕೂಗಿಗೆ ಬೇಸತ್ತ ಗುಮಾಸ್ತರು ಯಾವುದೋ ಗುಂಡಿ ಒತ್ತಿ ಬಾಯಿ ಮುಚ್ಚಿಸಿದ್ದರು. ಕೆಂಪು ದೀಪ ಮಾತ್ರ ಆರಲಿಲ್ಲ. ಹಗಲೂ ರಾತ್ರಿ ಒಂದೇ ಸಮ ಉರಿಯುವ ಆ ದೀಪವನ್ನು ನೋಡಿ ನೋಡಿ ಅವರಿಗೆ ಭಕ್ತಿ ಬಂತು! ಅದರ ಮೇಲೊಂದು ಗಣಪತಿಯ ಪಟ ಅಂಟಿಸಿದರು. ಪಟಕ್ಕೊಂದು ಪ್ಲಾಸ್ಟಿಕ್ ಹೂವಿನ ಮಾಲೆ. ದೀಪ ಮಾಲೆಯ ಒಳಗೆ ಅಡಗಿ ಕೂತಿತು.

ನಾದಿನಿ ಹೋಗಿ ಎಲ್ಲ ದೀಪಗಳನ್ನೂ ನೋಡಿದಳು. ಎಲ್ಲ ಹಸಿರು. ಮಾಲೆಯ ಹಿಂದಿನದನ್ನು ನೋಡಬೇಕಾದರೆ ದೇವರನ್ನು ಸರಿಸಬೇಕು. ಹೇಗೆ ಸರಿಸುವುದು? ಕೈಮುಗಿದು, ಪಕ್ಕದ ಡಿಸ್ಕನ್ನು ಎಂದಿನಂತೆ ಕಿತ್ತಳು. ಅದರೊಂದಿಗೆ ಇಡೀ ಗಿರಣಿ ನಿಂತಿತು! ಆಗ ಮಾಲೆ ಸರಿಸಿ ನೋಡಿ, "ಇದೇನು?" ಎಂದರೆ ಗುಮಾಸ್ತರು ಶಾಂತವಾಗಿ, "ತೋ ದಿವಾ ಆಹೇ ಮ್ಯಾಡಮ್. ತೇಲ್ ಲಾಗತ್ ನಾಹೀ" ಎಂದರಂತೆ. ಅದು ದೇವರ ದೀಪ, ಎಣ್ಣೆ ಬೇಕಾಗುವುದಿಲ್ಲ!

ಬೇರೆ ಕಡೆ ಇಟ್ಟಿದ್ದ ಪ್ರತಿಯಿಂದ ಆಕೆ ಎಲ್ಲವನ್ನೂ ಮರಳಿ ತುಂಬಿಕೊಟ್ಟಳು. ಒಂದಕ್ಷರವೂ ಹೋಗಲಿಲ್ಲ. ಆದರೆ ಅಷ್ಟರೊಳಗೆ ಬಿಲ್ಲಿಲ್ಲದೆ ಲಾರಿಗಳು ಸಾಲುಗಟ್ಟಿದ್ದವು, ಗಿರಣಿಯ ಮಾಲೀಕರು ಕಂಪನಿಯ ಸಾಹೇಬರಿಗೆ ಫೋನು ಮಾಡಿ ಹೇಳಬಾರದ್ದನ್ನೆಲ್ಲ ಹೇಳಿದ್ದರು. ಗಣಪತಿಯ ಮೇಲೆ ದೂರು ಕೊಡಲು ಬರುತ್ತದೆಯೇ? ದೂರು ನಾದಿನಿಯ ತಲೆಗೆ ಬಂತು. ಸಾಹೇಬರು ಕರೆದು ಹೇಳಿದರು, "ಇನ್ನೊಂದು ಸಲ ನಿಮ್ಮ ಕೈಯಿಂದ ಮಷೀನು ಬಿದ್ದರೆ, ಸರ್ವರಿನ ಕೆಲಸ ಬಿಡಿ. ಪ್ರಿಂಟರ್ ವಿಭಾಗಕ್ಕೆ ಹಾಕುತ್ತೇನೆ."

ಅಂದು ಮನೆಗೆ ಬಂದವಳು ಊಟ ಮಾಡಲಿಲ್ಲ. "ಪ್ರಿಂಟರ್‌ದಾಗ ಕಿತ್ತು ನೋಡೂದು ಏನೈತ್ರಿ ವೈನಿ? ಅದು ತಾನs ಕಿತ್ತುಕೊಂಡು ಕುಂತಿರತೈತಿ!" ಎಂದಳು. ನಾನು ನಕ್ಕೆ. ಆಕೆ ನಗಲಿಲ್ಲ. ಇಪ್ಪತ್ತು ವರ್ಷ ಅಕ್ಕರೆಯಿಂದ ಮಾಡಿದ ಕೆಲಸ. ಇನ್ನು ಸಿಕ್ಕಿಕೊಂಡ ಕಾಗದ ಎಳೆಯುತ್ತ, ಶಾಯಿಪುಡಿಯಲ್ಲಿ ಕೈ ಕಪ್ಪು ಮಾಡಿಕೊಳ್ಳುತ್ತ ಇರಬೇಕೆಂದರೆ ನಗು ಎಲ್ಲಿಂದ ಬರಬೇಕು?

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕಿತ್ತು ನೋಡುವುದನ್ನು ಬಿಡುತ್ತಿದ್ದರು. ಕೂರಿಸಿ, ಸಹಿ ಹಾಕಿಸಿಕೊಂಡು, ಚಹ ಕುಡಿದು ಬರುತ್ತಿದ್ದರು. ಈಕೆ ಬಿಡುವವಳೇ? ಮೇ ತಿಂಗಳಲ್ಲಿ ಒಂದು ದೊಡ್ಡ ಆಸ್ಪತ್ರೆಯ ಕೆಲಸ ಬಂತು. ಎಕ್ಸ್-ರೇ, ಸ್ಕ್ಯಾನುಗಳ ಚಿತ್ರಗಳನ್ನೆಲ್ಲ ಇಡುವ ಹೊಸ ಸರ್ವರು. ಎರಡು ಡಿಸ್ಕು ಒಟ್ಟಿಗೆ ಹೋದರೂ ನಡೆಯುವಂತೆ ಕೂರಿಸಿದಳು. ಹಳೆಯ ಯಂತ್ರದಲ್ಲಿ ಎಲ್ಲದರ ಪ್ರತಿ ಇನ್ನೂ ಇತ್ತು, ಹಾಗಾಗಿ ರೋಗಿಗಳಿಗೆ ಭಯವಿರಲಿಲ್ಲ. ಭಯವಿದ್ದದ್ದು ನಾದಿನಿಯ ಕೆಲಸಕ್ಕೆ ಮಾತ್ರ. ಆದರೂ ಸಾಹೇಬರ ಮುಂದೆ ನಿಂತು, "ಎಲ್ಲರ ಎದುರಿಗೆ ಕಿತ್ತು ತೋರಿಸಿದ ಹೊರತು ಹಳೆಯದನ್ನು ತೆಗೆಯಲು ಬಿಡುವುದಿಲ್ಲ" ಎಂದುಬಿಟ್ಟಳು.

ಸಾಹೇಬರು ಹಣೆ ಒತ್ತಿಕೊಂಡು, "ಗಿರಾ ತೋ ಪ್ರಿಂಟರ್, ಯಾದ್ ಹೈ ನಾ?" ಎಂದರಂತೆ. ಯಂತ್ರ ಬಿದ್ದರೆ ಪ್ರಿಂಟರ್, ನೆನಪಿದೆಯಲ್ಲ ಎಂದು.

ಆ ಸಂಜೆ ನಾನು ರೊಟ್ಟಿ ತಟ್ಟುತ್ತಿದ್ದೆ. ಬಂದು ಪಕ್ಕದಲ್ಲಿ ಕೂತಳು.

"ವೈನಿ, ನಾಳೆ ನನ್ನ ಕೂಡ ಬರ್ರಿ. ಡಿಸ್ಕ್ ನೀವು ಕೀಳಬೇಕು."

ಕೈಯಲ್ಲಿದ್ದ ರೊಟ್ಟಿ ಹರಿಯಿತು. "ನಾನ? ನನಗೇನ್ ಗೊತ್ತೈತಿ ಅದರಾಗ?"

"ಏನೂ ಗೊತ್ತಿಲ್ಲಲ್ಲ, ಅದಕ್ಕs! ನಾ ಕಿತ್ತರ ಗಟ್ಟಿ ಇರೂದನ್ನs ಕೀಳ್ತಾಳ ಅಂತಾರ. ಗೊತ್ತಿಲ್ಲದವರು ಮನಸ್ಸಿಗೆ ಬಂದದ್ದು ಕಿತ್ತಾಗೂ ನಡದರ, ಆಗ ಹೌದು ಅನ್ನಬೇಕು."

ನಮ್ಮ ಮನೆಯವರು ಒಳಗಿನಿಂದ, "ಅಕಿ ಕೈಯಾಗ ಕೊಡಬ್ಯಾಡ ತಂಗಿ! ರಿಮೋಟಿನ ಸೆಲ್ ಹಾಕಾಕ ಬರಂಗಿಲ್ಲ ಅಕಿಗೆ" ಎಂದು ಕೂಗಿದರು.

"ಅಣ್ಣಾ, ಅಷ್ಟು ಬರದವರು ಬೇರೆ ಸಿಗೂದಿಲ್ಲ. ಅದಕ್ಕs ಇವರನ್ನ ಕರ್ಕೊಂಡು ಹೊಂಟೀನಿ" ಎಂದಳು. ನನ್ನನ್ನು ಹೊಗಳಿದಳೋ ತೆಗಳಿದಳೋ ಇನ್ನೂ ತಿಳಿದಿಲ್ಲ.

ಮರುದಿನ ನಾನು ಇಳಕಲ್ ರೇಷ್ಮೆ ಸೀರೆ ಉಟ್ಟು ನಿಂತೆ. ಅಷ್ಟು ದೊಡ್ಡ ಯಂತ್ರವನ್ನು ಮುಟ್ಟಲು ಹೊರಟವಳು ಮನೆಯ ಸೀರೆಯಲ್ಲಿ ಹೋಗಲಿಕ್ಕಾಗುತ್ತದೆಯೇ? ಆಕೆ ನೋಡಿ ಹೌಹಾರಿದಳು. "ರೇಷ್ಮಿ ಬ್ಯಾಡ್ರಿ! ಈ ಒಣಾ ಬಿಸಲಾಗ ತಿಕ್ಕಿದ್ರ ಕರೆಂಟ್ ಹುಟ್ಟತೈತಿ. ಡಿಸ್ಕ್ ಸತ್ತು ಹೋಗತೈತಿ." ಹತ್ತಿ ಸೀರೆ ಉಟ್ಟೆ. ನಾಗಪುರದ ಹೆಂಗಸರಂತೆ ಇಬ್ಬರೂ ಮುಖಕ್ಕೆ ಓಢಣಿ ಬಿಗಿದುಕೊಂಡು, ಕಣ್ಣೆರಡೇ ಕಾಣುವಂತೆ ಸ್ಕೂಟರಿನಲ್ಲಿ ಹೊರಟೆವು. ದರೋಡೆಗೆ ಹೊರಟವರ ಹಾಗಿದ್ದೆವು.

ಆಸ್ಪತ್ರೆಯ ಸರ್ವರ್ ಕೋಣೆಯ ಬಾಗಿಲು ತೆರೆದರೆ ಲಾವಂಚದ ತಂಪು ಸುವಾಸನೆ! ಯಂತ್ರಕ್ಕೆ ಸೆಕೆಯಾಗಬಾರದೆಂದು ಆಸ್ಪತ್ರೆಯ ಮ್ಯಾನೇಜರರು ಎ.ಸಿ. ಸಾಲದೆಂದು ಲಾವಂಚದ ತಟ್ಟಿಗೆ ನೀರು ಹಾಯಿಸಿ ಗಾಳಿ ಬೀಸುವ ಒಂದು ದೊಡ್ಡ ಕೂಲರನ್ನೂ ತಂದು ಅದರ ಮುಖಕ್ಕೆ ತಿರುಗಿಸಿ ಇಟ್ಟಿದ್ದರು. ನೀರಿನ ಹನಿಗಳು ಪನ್ನೀರಿನಂತೆ ಯಂತ್ರದ ಮೇಲೆ ಸಿಂಪಡಣೆಯಾಗುತ್ತಿದ್ದವು. ನಾದಿನಿ ಒಂದೇ ಹೆಜ್ಜೆಗೆ ಹೋಗಿ ಕೂಲರಿನ ವಯರು ಕಿತ್ತಳು. ಅಂದು ಆಕೆಯ ಮೊದಲ ಕೀಳುವಿಕೆ ಅದೇ.

"ಮ್ಯಾಡಮ್, ಗರ್ಮೀ ಕಿತೀ ಆಹೇ! ತಿಲಾ ಜೀವ್ ನಾಹೀ ಕಾ?" ಎಂದರು ಮ್ಯಾನೇಜರರು. ಎಷ್ಟು ಬಿಸಿಲು, ಅದಕ್ಕೂ ಜೀವ ಇಲ್ಲವೇ ಎಂದು! ದಪ್ಪ ಮೀಸೆಯ, ಮೆತ್ತನೆಯ ಮನಸ್ಸಿನ ಮನುಷ್ಯ.

"ಜೀವ ಐತಿ, ಅದಕ್ಕs ಜಳಕ ಬ್ಯಾಡ ಅನ್ನೂದು" ಎಂದು ಆಕೆ ನನಗಷ್ಟೇ ಕೇಳುವಂತೆ ಗೊಣಗಿ, ಬಟ್ಟೆ ತೆಗೆದುಕೊಂಡು ಯಂತ್ರದ ಮುಖ ಒರೆಸಿ, ಒಂದೊಂದು ಡಿಸ್ಕನ್ನೂ ಟಾರ್ಚು ಬಿಟ್ಟು ನೋಡಿದಳು. ಈ ಸಲ ಯಾವ ದೇವರೂ ಅಂಟಿಕೊಂಡಿರಲಿಲ್ಲ.

ಸಾಹೇಬರು ಬಂದರು. ಒಂದು ಮೇಜಿನ ಮೇಲೆ ದೊಡ್ಡ ಪರದೆ. ಅದರಲ್ಲಿ ಯಾರದೋ ಮೊಣಕಾಲಿನ ಎಕ್ಸ್-ರೇ. ನಾನು ಕೀಳುತ್ತಿದ್ದಂತೆ ಅವರು ಚಿತ್ರಗಳನ್ನು ಒಂದರ ಹಿಂದೆ ಒಂದು ತೆರೆಯುತ್ತ ಹೋಗಬೇಕು. ಚಿತ್ರ ನಿಂತರೆ ಯಂತ್ರ ನಿಂತಂತೆ, ಯಂತ್ರ ನಿಂತರೆ ನಾದಿನಿಯ ಕೆಲಸ ನಿಂತಂತೆ. ಆಕೆ ನನ್ನ ಕೈಗೆ, ಬಳೆಗಳ ಕೆಳಗೆ, ಒಂದು ಪಟ್ಟಿ ಕಟ್ಟಿ ಅದರ ವಯರನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿದಳು. ಮೈಯಲ್ಲಿ ಕರೆಂಟು ಹುಟ್ಟಿದರೆ ನೆಲಕ್ಕೆ ಇಳಿದು ಹೋಗಲಿಕ್ಕಂತೆ. ನನ್ನ ಎದೆಯಲ್ಲಿ ಹುಟ್ಟಿದ್ದು ಮಾತ್ರ ಎಲ್ಲಿಗೂ ಇಳಿಯಲಿಲ್ಲ.

ಮ್ಯಾನೇಜರರು ಕೊನೆಯ ಸಲ ಬೇಡಿಕೊಂಡರು. "ಚಾಲೂ ಆಹೇ ನಾ? ಮಗ್ ಹಾತ್ ಕಶಾಲಾ ಲಾವತಾ?" ನಡೆಯುತ್ತಿದೆಯಲ್ಲ, ಮತ್ತೆ ಕೈ ಯಾಕೆ ಹಚ್ಚುತ್ತೀರಿ? ನನಗೂ ಹಾಗೆಯೇ ಅನ್ನಿಸಿತ್ತು!

"ಯಾವುದು ಬೇಕಾದ್ದು ಕೀಳ್ರಿ ವೈನಿ."

ನಾನು ತೆಂಗಿನಕಾಯಿ ಆರಿಸುವಂತೆ ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ಬಡಿದು ನೋಡುವಂತಿದ್ದರೆ ಅನುಕೂಲವಿತ್ತು. ನಡುವಿನದೊಂದರ ಚಿಲಕ ಒತ್ತಿ ಎಳೆದೆ. ಬೆಚ್ಚಗಿತ್ತು. ಒಳಗೆ ಏನೋ ಗುಂಯ್ ಎನ್ನುತ್ತ ನಿಧಾನವಾಗಿ ನಿಂತಿತು. ಆ ಕ್ಷಣವೇ ಕೋಣೆ ಸೀಳುವಂತೆ ಬೀಪ್! ಬೀಪ್! ಬೀಪ್! ಮ್ಯಾನೇಜರರು ಎರಡು ಕಿವಿಯನ್ನೂ ಮುಚ್ಚಿಕೊಂಡು ಹಿಂದಕ್ಕೆ ಹಾರಿದರು. ಪರದೆಯ ಮೇಲೆ ಮೊಣಕಾಲು ಹೋಗಿ ಭುಜ ಬಂತು, ಭುಜ ಹೋಗಿ ಬೆನ್ನು ಬಂತು. ನಡೆಯುತ್ತಿತ್ತು!

"ಇನ್ನೊಂದು" ಎಂದಳು ನಾದಿನಿ.

ಧೈರ್ಯ ಬಂದಿತ್ತು. ಇನ್ನೊಂದರ ಚಿಲಕ ಒತ್ತಿದೆ, ಎಳೆದೆ. ಪರದೆ ಕಪ್ಪಾಯಿತು.

"ಗೇಲಾ!" ಎಂದರು ಮ್ಯಾನೇಜರರು. ಹೋಯಿತು!

ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಬೈದಿದ್ದರೆ ವಾಸಿಯಿತ್ತು. ನನ್ನ ಕೈಯಲ್ಲಿದ್ದ ಡಿಸ್ಕು ಸಣ್ಣ ಕೂಸಿನಂತೆ ಬೆಚ್ಚಗೆ ಕೂತಿತ್ತು. ಕೊಂದವಳು ನಾನೇ! ಆಕೆಯ ಇಷ್ಟು ವರ್ಷದ ಅನ್ನವನ್ನು ಇದೇ ಕೈಯಿಂದ ಕಿತ್ತೆನಲ್ಲ! ನಾದಿನಿ ಯಂತ್ರದ ಕಡೆ ನೋಡಲಿಲ್ಲ, ಪರದೆಯ ಕಡೆಯೂ ನೋಡಲಿಲ್ಲ. ನನ್ನ ಮುಂಗೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದು ನಿಂತಿದ್ದಳು. ಬೀಪ್ ಮಾತ್ರ ಬಡಿದುಕೊಳ್ಳುತ್ತಲೇ ಇತ್ತು.

ಆಗ ಪಕ್ಕದ ಕೋಣೆಯ ಬಾಗಿಲು ದಢಾರನೆ ತೆರೆಯಿತು. ಎಕ್ಸ್-ರೇ ನೋಡಿ ವರದಿ ಬರೆಯುವ ಡಾಕ್ಟರರು. ಆ ದಿನ ಬೆಳಗಿನಿಂದ ಅವರ ಕಂಪ್ಯೂಟರನ್ನು ಹೊಸ ಸರ್ವರಿಗೇ ಜೋಡಿಸಿದ್ದರು. ಅದನ್ನು ಅವರಿಗೆ ಹೇಳಲು ಯಾರಿಗೂ ನೆನಪಿರಲಿಲ್ಲ.

"ಅಹೋ, ತೋ ಆವಾಜ್ ಬಂದ್ ಕರಾ ನಾ! ಕಾಮ್ ಕಸಂ ಕರಾಯಚಂ?" ಈ ಗದ್ದಲದಲ್ಲಿ ಕೆಲಸ ಮಾಡುವುದು ಹೇಗೆ?

ಸಾಹೇಬರು ಕನ್ನಡಕವನ್ನು ಕೈಯಲ್ಲೇ ಹಿಡಿದು, ಮೆಲ್ಲಗೆ, "ಡಾಕ್ಟರ್ ಸಾಬ್... ನಿಮಗೆ ಚಿತ್ರ ಕಾಣುತ್ತಿದೆಯೇ?" ಎಂದು ಹಿಂದಿಯಲ್ಲಿ ಕೇಳಿದರು.

ಡಾಕ್ಟರರಿಗೆ ಪಿತ್ತ ನೆತ್ತಿಗೇರಿತು. "ದಿಸತ್ ನಾಹೀ ತರ್ ಕಾಯ್ ಮೀ ಡೋಳೇ ಮಿಟೂನ್ ರಿಪೋರ್ಟ್ ದೇತೋಯ್?" ಕಾಣದೆ ಇದ್ದರೆ ನಾನೇನು ಕಣ್ಣು ಮುಚ್ಚಿಕೊಂಡು ವರದಿ ಕೊಡುತ್ತಿದ್ದೇನೆಯೇ?

ಆಹಾ! ಜೀವನದಲ್ಲಿ ಯಾರ ಬೈಗುಳವೂ ನನಗೆ ಅಷ್ಟು ಇಂಪಾಗಿ ಕೇಳಿಸಿಲ್ಲ.

ನಾದಿನಿ ನನ್ನ ಕೈ ಬಿಟ್ಟು, ಬಗ್ಗಿ, ಮೇಜಿನ ಅಡಿಗೆ ಕೈ ಹಾಕಿ ಪರದೆಯ ಪ್ಲಗ್ಗನ್ನು ಎತ್ತಿ ತೋರಿಸಿದಳು. ಬೀಪ್ ಸದ್ದಿಗೆ ಹಾರಿ, ಹಿಂದೆ ಹಿಂದೆ ಸರಿಯುತ್ತ, ಮ್ಯಾನೇಜರರು ಅದನ್ನು ಹಿಮ್ಮಡಿಯಿಂದ ಒದ್ದಿದ್ದರು. ಯಂತ್ರ ನಿಂತೇ ಇರಲಿಲ್ಲ! ನಾನು ಎರಡನ್ನು ಕಿತ್ತಿದ್ದೆ, ಅವರು ಒಂದನ್ನು ಕಿತ್ತಿದ್ದರು. ಪ್ಲಗ್ಗು ಸಿಕ್ಕಿಸುತ್ತಲೇ ಪರದೆಯ ಮೇಲೆ ಯಾರದೋ ಇಡೀ ಪಕ್ಕೆಲುಬುಗಳು ಬೆಳ್ಳಗೆ ನಕ್ಕವು.

ಆ ಮೇಲೆ ನಡೆದದ್ದನ್ನು ಏನೆಂದು ಹೇಳಲಿ? ಡಾಕ್ಟರರು "ಕಸಲೀ ಟೆಸ್ಟ್?", ಎಂಥ ಪರೀಕ್ಷೆ ಎಂದು ಕೇಳಿ, ಎಲ್ಲ ತಿಳಿದ ಮೇಲೆ ನಾದಿನಿಗೆ ಕೈಯೆತ್ತಿ ನಮಸ್ಕಾರ ಮಾಡಿದರು. ತಾನು ಕೆಲಸ ಮಾಡುತ್ತಿರುವಾಗಲೇ ಎರಡು ಡಿಸ್ಕು ಕಿತ್ತರೂ ತನಗೆ ಗೊತ್ತಾಗಲಿಲ್ಲವಲ್ಲ ಎಂದು! ಸಾಹೇಬರು ಕನ್ನಡಕ ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡು, ಇನ್ನು ಮುಂದೆ ತಮ್ಮ ಕಂಪನಿ ಕೂರಿಸುವ ಪ್ರತಿಯೊಂದು ಸರ್ವರನ್ನೂ ಹೀಗೆಯೇ ಏನೂ ಗೊತ್ತಿಲ್ಲದವರ ಕೈಯಿಂದ ಕೀಳಿಸಿ ನೋಡತಕ್ಕದ್ದು, ಅದರ ಉಸ್ತುವಾರಿ ನಾದಿನಿಯದೇ ಎಂದು ನಿಂತಲ್ಲೇ ಸಾರಿದರು. ಅದಕ್ಕೆ ಅಲ್ಲಿಯೇ ಹೆಸರೂ ಇಟ್ಟರು, ವಹಿನೀ ಟೆಸ್ಟ್! ವೈನಿಗೆ ಮರಾಠಿಯಲ್ಲಿ ವಹಿನೀ ಎನ್ನುತ್ತಾರೆ. ಹೈಸ್ಕೂಲು ಗಣಿತದಲ್ಲಿ ಎಂದೂ ಪಾಸಾಗದ ನನ್ನ ಹೆಸರಿನಲ್ಲಿ ಒಂದು ಪರೀಕ್ಷೆ!

ಎಲ್ಲಕ್ಕಿಂತ ಹುರುಪು ಮ್ಯಾನೇಜರರಿಗೆ. "ವಹಿನೀ, ಆಣಖೀ ಏಕ್ ಕಾಢಾ!" ಇನ್ನೊಂದು ತೆಗೆಯಿರಿ ಎಂದು ಕುಣಿದರು. ನಾನೂ ಸೆರಗು ಸಿಕ್ಕಿಸಿದ್ದೆ. ನಾದಿನಿ ಅಡ್ಡ ಬಂದು, "ಸಾಕ್ರಿ! ಮೂರನೇದು ಕಿತ್ತರ ಖರೇನ ಹೋಗತೈತಿ. ಇಲ್ಲದ್ದನ್ನ ಐತಿ ಅಂತ ನಾ ಹೇಳಂಗಿಲ್ಲ" ಎಂದಳು. ಡಿಸ್ಕುಗಳನ್ನು ಮರಳಿ ಕೂರಿಸಿದೆವು. ಕೆಂಪು ದೀಪಗಳು ಮಿಟುಕಿ, ಹಸಿರಾಗುವ ಕೆಲಸಕ್ಕೆ ತೊಡಗಿದವು. ಅದಕ್ಕೆ ಬಹಳ ಹೊತ್ತು ಹಿಡಿಯುತ್ತದಂತೆ, ಹೋದದ್ದೆಲ್ಲವನ್ನೂ ಉಳಿದವರನ್ನು ಕೇಳಿ ಕೇಳಿ ಬರೆದುಕೊಳ್ಳಬೇಕಲ್ಲ.

ಬಿಸಿಲು ನೆತ್ತಿಯ ಮೇಲಿದ್ದಾಗ ಹೊರಬಿದ್ದೆವು. ಅಜನಿಯ ಕಡೆ ತಿರುಗುವಲ್ಲಿ ಬೇವಿನ ಮರದ ಕೆಳಗೆ ಕಬ್ಬಿನ ಹಾಲಿನ ಗಾಡಿ. ನಾದಿನಿ ಸ್ಕೂಟರು ನಿಲ್ಲಿಸಿ ಎರಡು ಗ್ಲಾಸು ಹೇಳಿದಳು. ನಾನು ಗೆದ್ದ ಗತ್ತಿನಲ್ಲಿದ್ದೆ. ಕಾಲೊನಿಯಲ್ಲಿ ಯಾರಿಗೆ ಮೊದಲು ಹೇಳಬೇಕು, ಸೆಲ್ಲಿನ ಮಾತಾಡಿದ ಗಂಡನಿಗೆ ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತ, ಸುಮ್ಮನೆ ಕೇಳಿದೆ:

"ಅಲ್ಲಾ, ಏನೂ ಗೊತ್ತಿಲ್ಲದವರs ಬೇಕಿದ್ದರ ಆಸ್ಪತ್ರಿ ಗೇಟಿನ್ಯಾಗ ವಾಚ್‌ಮನ್ ಇದ್ದ. ಕಸ ಹೊಡ್ಯಾಕಿ ಇದ್ಳು. ಇಷ್ಟು ದೂರದಿಂದ ನನ್ನನ್ನs ಯಾಕ ಕರ್ಕೊಂಡು ಬಂದಿ?"

ಆಕೆ ಮುಖಕ್ಕೆ ಬಿಗಿದಿದ್ದ ಓಢಣಿಯನ್ನು ಬಿಚ್ಚಿದಳು. ಬಿಚ್ಚಿ, ಕಣ್ಣು ಒರೆಸಿಕೊಂಡಳು. ಬೆವರು ಎಂದುಕೊಂಡೆ.

"ಡಿಸ್ಕ್ ಬಿದ್ದರ ಹಿಡಿಯಾಕ ಉಳಿದ ಡಿಸ್ಕ್ ಇದ್ದವು ವೈನಿ" ಎಂದಳು. "ನಾ ಬಿದ್ದಿದ್ದರ?"

ನನ್ನ ಗ್ಲಾಸಿನಲ್ಲಿ ಉಳಿದಿದ್ದ ಕಬ್ಬಿನ ಹಾಲನ್ನು ಆಕೆಯ ಗ್ಲಾಸಿಗೆ ಸುರಿದೆ. ಆಕೆ ಬೇಡವೆನ್ನದೆ ಕುಡಿದಳು.